ಗೃಹಚಿಂತನ: ಚಳಿನಾಡಿನ ಮನೆಗೆ ಅನಿಲವೋ, ವಿದ್ಯುತ್ತೋ?



ಇಂಗ್ಲೆಂಡಿನ ಉತ್ತರ ಭಾಗದ ಪಟ್ಟಣವೊಂದರಲ್ಲಿ ಬಹುಕಾಲದಿಂದ ನೆಲೆಸಿರುವ, ಮೂಲತಃ ಧಾರವಾಡದ ಕಡೆಯವರಾದ ನಮ್ಮ ಚಂದಾದಾರರೊಬ್ಬರು ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರ ಮನೆಯನ್ನು ಬೆಚ್ಚಗಿಡುವ ಗ್ಯಾಸ್ ಬಾಯ್ಲರಿಗೆ 17 ವರ್ಷ ತುಂಬಿದೆ. ದುರಸ್ತಿಗೆ ಬಂದವನು, ಇನ್ನೊಂದು ಚಳಿಗಾಲವನ್ನು ಇದು ತಡೆದೀತೆಂಬ ಭರವಸೆ ಕೊಡಲಾರೆನೆಂದು ಹೇಳಿ ಹೋಗಿದ್ದಾನೆ. ಇಂಜಿನಿಯರರಾದ ಅಳಿಯಂದಿರು ಅನಿಲವನ್ನು ಬಿಟ್ಟು ವಿದ್ಯುತ್ತಿನ ಹೀಟ್ ಪಂಪ್ ಹಾಕಿಸಿರೆಂದು ಒತ್ತಾಯಿಸುತ್ತಾರೆ. ನೆರೆಮನೆಯವರೋ, ಅದರಿಂದ ಮನೆ ಬಿಸಿಯಾಗದು, ಬಿಲ್ಲು ಮಾತ್ರ ಬಿಸಿಯಾದೀತೆಂದು ನಗುತ್ತಾರೆ. ಇದರ ನಡುವೆ, 80 ದಾಟಿದ ತಾಯಿಯವರು ಡಿಸೆಂಬರಿನಲ್ಲಿ ಊರಿನಿಂದ ಬರುವವರಿದ್ದಾರೆ. "ಅವ್ವನಿಗೆ ಚಳಿಯಾಗಬಾರದು, ನಮ್ಮ ಉಳಿತಾಯವೂ ಕರಗಬಾರದು, ಏನು ಮಾಡಲಿ?" ಎಂಬುದು ಅವರ ಪ್ರಶ್ನೆ.

ವಿಲಾಯಿತಿಯ ಮನೆಯ ಒಲೆಯ ಚಿಂತೆ ನಮಗೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಇಂದು ನಮ್ಮ ಎಷ್ಟೋ ಮನೆತನಗಳ ಮಕ್ಕಳು ಬ್ರಿಟನ್, ಜರ್ಮನಿ, ನೆದರ್‌ಲೆಂಡ್ಸ್ ದೇಶಗಳಲ್ಲಿ ಮನೆ ಮಾಡಿಕೊಂಡಿದ್ದಾರೆ. ಬಾಣಂತನಕ್ಕೆಂದು, ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಇಲ್ಲಿನ ಹಿರಿಯರು ಅಲ್ಲಿಗೆ ಹೋಗಿ ಆರಾರು ತಿಂಗಳು ಇದ್ದು ಬರುತ್ತಾರೆ. ಅಲ್ಲದೆ ಈ ಯಂತ್ರದ ತತ್ತ್ವಕ್ಕೂ ನಮ್ಮ ಬಚ್ಚಲುಮನೆಯ ಹಂಡೆಗೂ ಸಂಬಂಧವುಂಟು. ಆ ಮಾತನ್ನು ಮುಂದೆ ಹೇಳುತ್ತೇವೆ.

ಬ್ರಿಟನ್ನಿನಲ್ಲಿ ನೂರಕ್ಕೆ ಸುಮಾರು 85ರಷ್ಟು ಮನೆಗಳು ಬೆಚ್ಚಗಾಗುವುದು ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದಿಂದ. ಬಾಯ್ಲರಿನಲ್ಲಿ ಅನಿಲ ಉರಿದು ನೀರನ್ನು ಕಾಯಿಸುತ್ತದೆ. ಆ ನೀರು ಗೋಡೆಗೆ ಒತ್ತಿ ನಿಲ್ಲಿಸಿದ ರೇಡಿಯೇಟರುಗಳೆಂಬ ಲೋಹದ ಫಲಕಗಳಲ್ಲಿ ಹರಿದು ಕೋಣೆಗಳನ್ನು ಬೆಚ್ಚಗಾಗಿಸುತ್ತದೆ. ಈ ವ್ಯವಸ್ಥೆ ಅಲ್ಲಿ ಅನಾದಿಯಿಂದ ಬಂದದ್ದೇನೂ ಅಲ್ಲ. ಹಿಂದೆ ಕಲ್ಲಿದ್ದಲಿನಿಂದ ತಯಾರಿಸುತ್ತಿದ್ದ ಅನಿಲವಿತ್ತು. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಿತ್ತು. 1965ರಲ್ಲಿ ಉತ್ತರ ಸಮುದ್ರದ ತಳದಲ್ಲಿ ನೈಸರ್ಗಿಕ ಅನಿಲ ದೊರೆತ ಮೇಲೆ, 1967ರಿಂದ 1977ರವರೆಗಿನ ಹತ್ತು ವರ್ಷಗಳಲ್ಲಿ 1 ಕೋಟಿ 30 ಲಕ್ಷದಷ್ಟು ಬಳಕೆದಾರರ ಒಲೆ, ಬಾಯ್ಲರುಗಳನ್ನು ಮನೆಮನೆಗೆ ಹೋಗಿ ಹೊಸ ಅನಿಲಕ್ಕೆ ಹೊಂದಿಸಿದರು. ಇಡೀ ದೇಶದ ಒಲೆಯನ್ನು ಒಂದು ದಶಕದಲ್ಲಿ ಬದಲಿಸಿದ ಆ ಕೆಲಸ ಅಸಾಮಾನ್ಯವಾದುದು. ಇಂದು ಮತ್ತೊಮ್ಮೆ ಒಲೆ ಬದಲಿಸಿರೆಂದಾಗ ಅದೇ ದೇಶದ ಜನ ಇಷ್ಟೇಕೆ ಹಿಂಜರಿಯುತ್ತಾರೆಂಬುದು ಯೋಚಿಸತಕ್ಕ ವಿಷಯ. ಅಂದು ಖರ್ಚನ್ನು ಅನಿಲದ ಮಂಡಲಿ ಹೊತ್ತಿತ್ತು, ಇಂದು ಬಹುಪಾಲು ಮನೆಯ ಯಜಮಾನನ ಹೆಗಲಿಗೇ ಬೀಳುತ್ತದೆ ಎಂಬುದೇ ಮುಖ್ಯ ಕಾರಣವೆಂದು ನಮಗೆ ತೋರುತ್ತದೆ.

ಇನ್ನು ಹೀಟ್ ಪಂಪ್ ಎಂದರೇನು? ಹೆಸರು ಹೊಸದೆನಿಸಿದರೂ ವಸ್ತು ನಮ್ಮೆಲ್ಲರ ಮನೆಯಲ್ಲಿಯೂ ಇದೆ. ಫ್ರಿಜ್ಜಿನ ಹಿಂಭಾಗಕ್ಕೆ ಅಂಗೈ ಹಿಡಿದು ನೋಡಿರಿ, ಬೆಚ್ಚಗಿರುತ್ತದೆ. ಒಳಗಿಟ್ಟ ಹಾಲು, ತರಕಾರಿಗಳಲ್ಲಿದ್ದ ಶಾಖವನ್ನು ಆ ಯಂತ್ರ ಹೊರತೆಗೆದು ಹಿಂದೆ ಚೆಲ್ಲುತ್ತಿದೆ. ಹೀಟ್ ಪಂಪ್ ಮಾಡುವುದೂ ಇಷ್ಟೇ. ಹೊರಗಿನ ತಣ್ಣನೆಯ ಗಾಳಿಯಲ್ಲಿರುವ ಶಾಖವನ್ನು ಎತ್ತಿ ಮನೆಯೊಳಗೆ ತಂದು ಸುರಿಯುತ್ತದೆ. ಕೊರೆಯುವ ಚಳಿಯ ಗಾಳಿಯಲ್ಲಿ ಶಾಖವೆಲ್ಲಿಯದು ಎಂದು ಕೇಳುವಿರಿ. ಹಿಮ ಬೀಳುವ ದಿನದ ಗಾಳಿಯಲ್ಲಿಯೂ ಶಾಖವಿದೆ, ನಮ್ಮ ಮೈಗೆ ಸಾಲದಷ್ಟಿದೆ ಅಷ್ಟೇ. ಯಂತ್ರದ ಕೊಳವೆಗಳಲ್ಲಿ ಓಡಾಡುವ ದ್ರವ ಅತಿ ತಣ್ಣನೆಯ ಸ್ಥಿತಿಯಲ್ಲಿಯೇ ಕುದಿಯತಕ್ಕದ್ದು. ಉದಾಹರಣೆಗೆ ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಕೆಳಗೆ. ನಮ್ಮ ಅಡುಗೆಯ ಸಿಲಿಂಡರಿನಲ್ಲಿರುವ ಎರಡು ಅನಿಲಗಳಲ್ಲಿ ಒಂದಾದ ಈ ಪ್ರೊಪೇನನ್ನೇ ಈಚಿನ ಅನೇಕ ಹೀಟ್ ಪಂಪುಗಳಲ್ಲಿ, ಮುಚ್ಚಿದ ಕೊಳವೆಯೊಳಗೆ, ಉರಿಸದೆ ಬಳಸುತ್ತಾರೆ. ಹೊರಗಾಳಿಯ ಶಾಖವನ್ನು ಹೀರಿ ದ್ರವ ಆವಿಯಾಗುತ್ತದೆ. ಕಂಪ್ರೆಸರ್ ಅದನ್ನು ಒತ್ತಿದಾಗ ಆವಿ ಬಿಸಿಯೇರುತ್ತದೆ. ಆ ಬಿಸಿಯನ್ನು ರೇಡಿಯೇಟರಿನ ನೀರಿಗೆ ಕೊಟ್ಟು ಮತ್ತೆ ದ್ರವವಾಗಿ ಹೊರಗೆ ಹರಿಯುತ್ತದೆ.

ಇದನ್ನು ಬಾವಿಯಿಂದ ನೀರು ಸೇದುವುದಕ್ಕೆ ಹೋಲಿಸಬಹುದು. ನೀರನ್ನು ನಾವು ಸೃಷ್ಟಿಸುವುದಿಲ್ಲ, ಎತ್ತುತ್ತೇವೆ, ಶ್ರಮವೆಲ್ಲ ಎತ್ತುವುದಕ್ಕೆ. ನೀರು ಮೇಲಿದ್ದರೆ ಹಗ್ಗ ನಾಲ್ಕು ಮೊಳ ಸಾಕು, ಆಳಕ್ಕಿಳಿದರೆ ರಟ್ಟೆ ಸೋಲುತ್ತದೆ. ಹಾಗೆಯೇ ಹೊರಗಿನ ಗಾಳಿ 7 ಡಿಗ್ರಿ ಇದ್ದು ರೇಡಿಯೇಟರಿಗೆ 35 ಡಿಗ್ರಿಯ ನೀರು ಸಾಕಾದರೆ ಯಂತ್ರಕ್ಕೆ ಕೆಲಸ ಹಗುರ. ಹೊರಗೆ ಸೊನ್ನೆಗಿಂತ 5 ಡಿಗ್ರಿ ಕೆಳಗಿದ್ದು ಒಳಗೆ 60 ಡಿಗ್ರಿಯ ನೀರು ಬೇಕೆಂದರೆ ಅದು ಏದುಸಿರು ಬಿಡುತ್ತದೆ. ಈ ಒಂದು ಸಂಗತಿ ತಿಳಿದರೆ ಹೀಟ್ ಪಂಪಿನ ಹೊಗಳಿಕೆ, ತೆಗಳಿಕೆ ಎರಡರ ಮೂಲವೂ ತಿಳಿದಂತೆ.

ಈ ತತ್ತ್ವ ಹಳೆಯದು. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ, ಗ್ಲ್ಯಾಸ್ಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್ನರು 1852ರಷ್ಟು ಹಿಂದೆಯೇ, ಇಂಧನವನ್ನು ನೇರವಾಗಿ ಉರಿಸುವುದಕ್ಕಿಂತ ಅದರಿಂದ ಇಂಥ ಯಂತ್ರವನ್ನು ನಡೆಸಿದರೆ ಮನೆಗೆ ಹೆಚ್ಚು ಶಾಖ ಸಿಗುವುದೆಂದು ತೋರಿಸಿದ್ದರು. 1938ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದ ಪುರಭವನಕ್ಕೆ ಲಿಮ್ಮಾಟ್ ನದಿಯ ನೀರಿನಿಂದ ಶಾಖವೆತ್ತುವ ಯಂತ್ರ ಕೂಡಿಸಿದರು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಜಾನ್ ಸಮ್ನರ್ ಎಂಬ ವಿದ್ಯುತ್ ಇಂಜಿನಿಯರರು ಅಲ್ಲಿನ ನದಿಯಿಂದಲೇ ಕಚೇರಿಯ ಕಟ್ಟಡವನ್ನು ಬೆಚ್ಚಗೆ ಮಾಡಿದ್ದರು. ಅನಂತರ ಸಮುದ್ರದ ಅನಿಲ ಅಗ್ಗವಾಗಿ ಬಂತು, ಇದನ್ನು ಕೇಳುವವರಿಲ್ಲವಾಯಿತು.

ಈಗ ಚಂದಾದಾರರ ಕಿಸೆಗೆ ತಟ್ಟುವ ಲೆಕ್ಕಕ್ಕೆ ಬರೋಣ. ಮನೆಯೊಂದಕ್ಕೆ ವರ್ಷಕ್ಕೆ 10,000 ಯೂನಿಟ್ ಶಾಖ ಬೇಕೆಂದು ಇಟ್ಟುಕೊಳ್ಳಿರಿ. ಒಳ್ಳೆಯ ಗ್ಯಾಸ್ ಬಾಯ್ಲರು ಉರಿದ ಅನಿಲದ ನೂರರಲ್ಲಿ ಸುಮಾರು 90 ಪಾಲನ್ನು ಶಾಖವಾಗಿ ಕೊಡುತ್ತದೆ. ಎಂದರೆ 11,100 ಯೂನಿಟ್ ಅನಿಲ ಬೇಕು. 2025ರಲ್ಲಿ ಬ್ರಿಟನ್ನಿನ ಗೃಹಬಳಕೆಯ ದರ ಅನಿಲಕ್ಕೆ ಯೂನಿಟ್ಟಿಗೆ ಸುಮಾರು 6 ಪೆನ್ಸ್, ವಿದ್ಯುತ್ತಿಗೆ ಸುಮಾರು 26 ಪೆನ್ಸ್ ಇತ್ತು. ಅದರಂತೆ ಅನಿಲದ ವೆಚ್ಚ 666 ಪೌಂಡು. ಹೀಟ್ ಪಂಪ್ ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಯೂನಿಟ್ ಶಾಖ ಕೊಡುತ್ತದೆಂಬುದರ ಮೇಲೆ ಅದರ ಲೆಕ್ಕ ನಿಂತಿದೆ. ಅಲ್ಲಿನ ಸರಕಾರ 700ಕ್ಕೂ ಹೆಚ್ಚು ಮನೆಗಳಲ್ಲಿ ಹೀಟ್ ಪಂಪ್ ಕೂಡಿಸಿ ಅಳೆಸಿದಾಗ, ಗಾಳಿಯಿಂದ ಶಾಖವೆತ್ತುವ ಯಂತ್ರಗಳಲ್ಲಿ ಸಾಮಾನ್ಯವಾಗಿ ದೊರೆತದ್ದು ಒಂದಕ್ಕೆ ಸುಮಾರು 2.8. ಈ ಪ್ರಮಾಣದಲ್ಲಿ 3,570 ಯೂನಿಟ್ ವಿದ್ಯುತ್ತಿಗೆ 928 ಪೌಂಡು ತೆರಬೇಕು. ಅನಿಲಕ್ಕಿಂತ 262 ಪೌಂಡು ಹೆಚ್ಚು! ಅದೇ ಯಂತ್ರವನ್ನು ಚೆನ್ನಾಗಿ ಯೋಜಿಸಿ ಕೂಡಿಸಿ ಒಂದಕ್ಕೆ 4ರಂತೆ ಪಡೆದರೆ 2,500 ಯೂನಿಟ್ಟಿಗೆ 650 ಪೌಂಡು, ಎಂದರೆ ಅನಿಲಕ್ಕೆ ಸರಿಸಮ. ಅಳಿಯಂದಿರ ಮಾತೂ ಸುಳ್ಳಲ್ಲ, ನೆರೆಯವರ ನಗೆಯೂ ಪೂರ್ತಿ ಸುಳ್ಳಲ್ಲವೆಂಬುದು ಇದರಿಂದ ವೇದ್ಯವಾಗುತ್ತದೆ. ಕೂಡಿಸುವವನ ಕೈಗುಣದಲ್ಲಿಯೇ ವರ್ಷಕ್ಕೆ ಮುನ್ನೂರು ಪೌಂಡುಗಳ ಅಂತರವಿದೆ.

ವಿದ್ಯುತ್ತು ಅನಿಲಕ್ಕಿಂತ ನಾಲ್ಕು ಪಟ್ಟು ದುಬಾರಿಯಾಗಿರುವುದು ಪ್ರಕೃತಿನಿಯಮವೇನಲ್ಲ. ಬ್ರಿಟನ್ನಿನಲ್ಲಿ ಬಹುಪಾಲು ಸಮಯ ವಿದ್ಯುತ್ತಿನ ಬೆಲೆಯನ್ನು ನಿರ್ಧರಿಸುವುದು ಅನಿಲದಿಂದ ನಡೆಯುವ ಸ್ಥಾವರಗಳೇ. ಅದರ ಮೇಲೆ ಸರಕಾರದ ಹಲವು ಯೋಜನೆಗಳ ಖರ್ಚನ್ನೂ ವಿದ್ಯುತ್ ಬಿಲ್ಲಿಗೇ ಸೇರಿಸುತ್ತ ಬಂದರು. ಶುದ್ಧವಾದುದಕ್ಕೆ ತೆರಿಗೆ, ಹೊಗೆಯುಗುಳುವುದಕ್ಕೆ ರಿಯಾಯಿತಿ ಎಂಬಂತಾಯಿತು. ಆದಾಗ್ಯೂ ಅನಿಲದ ಅಗ್ಗತನವನ್ನು ಶಾಶ್ವತವೆಂದು ನಂಬಲಾಗದು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧ ಹೂಡಿದಾಗ ಯುರೋಪಿನಲ್ಲಿ ಅನಿಲದ ಬೆಲೆ ಗಗನಕ್ಕೇರಿತು, ವೃದ್ಧರು ಒಂದೇ ಕೋಣೆಯಲ್ಲಿ ಕಂಬಳಿ ಹೊದ್ದು ಕುಳಿತರು. ನೆದರ್‌ಲೆಂಡ್ಸಿನ ಕಥೆ ಇನ್ನೂ ಮನನೀಯ. 1959ರಲ್ಲಿ ಗ್ರೋನಿಂಗನ್ ಪ್ರಾಂತದಲ್ಲಿ ದೊರೆತ ಅನಿಲಭಂಡಾರದಿಂದ ಆ ನಾಡೇ ಬೆಚ್ಚಗಾಯಿತು. ಆದರೆ ಭೂಮಿಯೊಳಗಿನ ಅನಿಲ ಬರಿದಾಗುತ್ತ ಹೋದಂತೆ ನೆಲ ಕುಸಿದು ಕಂಪಿಸತೊಡಗಿತು. 2012ರ ಆಗಸ್ಟಿನಲ್ಲಿ ಹೌಸಿಂಗೆ ಎಂಬ ಹಳ್ಳಿಯ ಬಳಿ 3.6 ಪ್ರಮಾಣದ ಕಂಪನವಾಗಿ ಮನೆಗಳ ಗೋಡೆಗಳು ಬಿರಿದವು. 2018ರ ಜುಲೈಯಿಂದ ಅಲ್ಲಿ ಹೊಸ ಮನೆಗಳಿಗೆ ಸಾಮಾನ್ಯವಾಗಿ ಅನಿಲದ ಸಂಪರ್ಕವನ್ನೇ ಕೊಡುತ್ತಿಲ್ಲ. 2023ರ ಅಕ್ಟೋಬರಿನಲ್ಲಿ ಗ್ರೋನಿಂಗನ್ನಿನ ಉತ್ಪಾದನೆ ನಿಂತಿತು.

ಚಳಿ ಹೆಚ್ಚಾದರೆ ಹೀಟ್ ಪಂಪ್ ಕೈಕೊಡುವುದೆಂಬ ಮಾತಿಗೆ ನಾರ್ವೆಯೇ ಉತ್ತರ. ಇಂಗ್ಲೆಂಡಿಗಿಂತ ಎಷ್ಟೋ ಪಾಲು ಚಳಿಯಿರುವ ಆ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಹೀಟ್ ಪಂಪುಗಳಿವೆ. ಅಲ್ಲಿನ ವಿದ್ಯುತ್ತು ಜಲಪಾತಗಳಿಂದ ಬರುವುದು, ಗೋಡೆಗಳು ಶಾಖವನ್ನು ಬಿಟ್ಟುಕೊಡದಂತೆ ಕಟ್ಟಲ್ಪಟ್ಟಿವೆ. ಯುರೋಪಿಗೆಲ್ಲ ಅನಿಲ ಮಾರುವ ನಾರ್ವೆಯವರು ತಮ್ಮ ಮನೆಗಳನ್ನು ಬಿಸಿಮಾಡಲು ಮಾತ್ರ ಅದನ್ನು ಬಳಸುವುದು ತೀರ ವಿರಳ. ಅಂಗಡಿಯವನು ತನ್ನ ಮನೆಗೆ ಏನನ್ನು ಒಯ್ಯುತ್ತಾನೆಂಬುದನ್ನು ನೋಡಬೇಕಲ್ಲವೆ?

ಇನ್ನು ಮನೆಯೊಳಗಿನ ವಿಚಾರ. ಗ್ಯಾಸ್ ಬಾಯ್ಲರಿನ ನೀರು 60-70 ಡಿಗ್ರಿಯಷ್ಟು ಸುಡುತ್ತಿರುವುದರಿಂದ ಚಿಕ್ಕ ರೇಡಿಯೇಟರುಗಳೂ ನಡೆಯುತ್ತವೆ. ಹೀಟ್ ಪಂಪ್ 35ರಿಂದ 50 ಡಿಗ್ರಿಯ ನೀರಿನಲ್ಲಿ ಲಾಭಕರ. ಆದಕಾರಣ ಕೆಲವು ಕೋಣೆಗಳಿಗೆ ದೊಡ್ಡ ರೇಡಿಯೇಟರು ಬೇಕಾಗುತ್ತದೆ. ಅಟ್ಟಕ್ಕೆ ದಪ್ಪನಾದ ಹೊದಿಕೆ, ಕಿಟಕಿಗೆ ಎರಡು ಪದರದ ಗಾಜು, ಬಾಗಿಲ ಸಂದುಗಳಿಗೆ ತಡೆ, ಇವು ಮೊದಲಾಗಬೇಕು. ಇವು ಅನಿಲವಿದ್ದ ಮನೆಗೂ ಲಾಭವೇ.

ಯಂತ್ರಕ್ಕಿಂತ ನಮ್ಮ ರೂಢಿಯೇ ಇಲ್ಲಿ ಹೆಚ್ಚು ತೊಡಕು. ನಮ್ಮ ಹಿರಿಯರು ಮಿತವ್ಯಯದಲ್ಲಿ ಬೆಳೆದವರು. ಕೋಣೆಯಿಂದ ಹೊರಬರುವಾಗ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ. ಮಗನಿಗೆ ಖರ್ಚಾದೀತೆಂದು, ಮಗ-ಸೊಸೆ ಕೆಲಸಕ್ಕೆ ಹೋದೊಡನೆ ಹೀಟಿಂಗ್ ಆರಿಸಿ ಶಾಲು ಹೊದ್ದು ಕೂರುವ ತಾಯಂದಿರನ್ನು ನಾವು ಬಲ್ಲೆವು. ಹೀಟ್ ಪಂಪಿಗೆ ಇದು ತಕ್ಕುದಲ್ಲ. ಅದು ನಿಧಾನವಾಗಿ, ಸಣ್ಣ ಶಾಖದಲ್ಲಿ, ದಿನವೆಲ್ಲ ಎಡೆಬಿಡದೆ ನಡೆಯತಕ್ಕ ಯಂತ್ರ. ಹಗಲು ಆರಿಸಿ ಸಂಜೆ ಒಮ್ಮೆಲೆ ಬಿಸಿಮಾಡಲು ಹೊರಟರೆ ನೀರನ್ನು ಹೆಚ್ಚು ಕಾಯಿಸಬೇಕಾಗಿ, ಉಳಿಸಹೋದ ವಿದ್ಯುತ್ತಿನ ಬಹುಪಾಲು ಅಲ್ಲಿಯೇ ಸೋರುತ್ತದೆ. ಅದಕ್ಕೂ ಮಿಗಿಲಾಗಿ 80 ದಾಟಿದ ದೇಹಕ್ಕೆ ಆ ಹಗಲಿನ ಚಳಿ ಒಳ್ಳೆಯದಲ್ಲ. ಮಗನಾದವನು ತಾಯಿಗೆ ಇದನ್ನು ಮೊದಲ ದಿನವೇ ವಿವರಿಸಿ ಹೇಳತಕ್ಕದ್ದು.

ಎರಡನೆಯದು ಸ್ನಾನ. ಬೆಳಗಿನ ಐದಕ್ಕೆ ಎದ್ದು ಮಿಂದು ಲಿಂಗಪೂಜೆಗೆ ಕೂಡುವುದು ನಮ್ಮ ಹಿರಿಯರ ನೇಮ. ಅಲ್ಲಿನ ಬಹಳಷ್ಟು ಮನೆಗಳಲ್ಲಿರುವ ಕಾಂಬಿ ಬಾಯ್ಲರು ನಲ್ಲಿ ತಿರುಗಿಸಿದೊಡನೆ ಬಿಸಿನೀರು ಕೊಡುತ್ತದೆ, ತೊಟ್ಟಿ ಬೇಡ. ಹೀಟ್ ಪಂಪಿನ ಮನೆಗೆ ಸುಮಾರು 200 ಲೀಟರಿನ, ಶಾಖ ಕಾಯ್ದಿಡುವ ತೊಟ್ಟಿ ಬೇಕು, ಅದನ್ನಿಡಲು ಸ್ಥಳವೂ ಬೇಕು. ನಸುಕಿಗೆ ಮೊದಲೇ ತೊಟ್ಟಿ ಕಾದಿರುವಂತೆ ಗಡಿಯಾರ ಹೊಂದಿಸಿಟ್ಟರೆ ಅಜ್ಜಿಯ ಸ್ನಾನಕ್ಕೆ ವಿಘ್ನವಿಲ್ಲ. ಕೆಲವು ಕಂಪನಿಗಳು ಆ ಹೊತ್ತಿನಲ್ಲಿ ವಿದ್ಯುತ್ತನ್ನು ಕಡಿಮೆ ದರಕ್ಕೂ ಕೊಡುತ್ತವೆ. ಆ ದರ ಸಿಕ್ಕರೆ ಮೇಲೆ ಮಾಡಿದ ಲೆಕ್ಕ ಹೀಟ್ ಪಂಪಿನ ಕಡೆಗೇ ವಾಲುತ್ತದೆ.

ಮೂರನೆಯದು ರೊಟ್ಟಿ! ಅನಿಲದ ಸಂಪರ್ಕವಿರುವವರೆಗೆ, ಒಂದು ಯೂನಿಟ್ಟೂ ಉರಿಸದಿದ್ದರೂ ದಿನಕ್ಕೆ ಸುಮಾರು 30 ಪೆನ್ಸಿನಂತೆ ವರ್ಷಕ್ಕೆ 100 ಪೌಂಡಿಗೂ ಹೆಚ್ಚು ಸ್ಥಿರಶುಲ್ಕ ತೆರಬೇಕು. ಬಾಯ್ಲರನ್ನು ತೆಗೆದು ಅಡುಗೆಗೆ ಮಾತ್ರ ಗ್ಯಾಸ್ ಇಟ್ಟುಕೊಂಡರೆ ಆ ಹಣ ವ್ಯರ್ಥ. ಸಂಪರ್ಕವನ್ನೇ ಕಡಿಸಿದರೆ ಇಂಡಕ್ಷನ್ ಒಲೆಗೆ ಹೋಗಬೇಕು. ಆಗ ಜೋಳದ ರೊಟ್ಟಿಯನ್ನು ಉರಿಗೆ ಹಿಡಿದು ಉಬ್ಬಿಸುವುದೆಂತು? ಮಣ್ಣಿನ ಹಂಚು ಆ ಒಲೆಯ ಮೇಲೆ ಕಾಯುವುದೇ ಇಲ್ಲ. ಕಬ್ಬಿಣದ ಹಂಚು ಕಾಯುತ್ತದೆ, ಬಟ್ಟೆಯ ಉಂಡೆಯಿಂದ ಅಂಚನ್ನು ಒತ್ತುತ್ತ ಬೇಯಿಸಿದರೆ ರೊಟ್ಟಿ ಉಬ್ಬುತ್ತದೆ; ಆದರೆ ಉರಿ ತಾಕಿದ ಆ ಕಂಪು ಬರುವುದಿಲ್ಲ. ಇದು ಚಿಕ್ಕ ವಿಷಯವೆಂದು ಗಂಡಸರು ಭಾವಿಸಬಾರದು. ಮನೆಯ ಗೃಹಿಣಿಯನ್ನು ಕೇಳದೆ ಒಲೆ ಬದಲಿಸುವ ಅಧಿಕಾರ ಯಾರಿಗೂ ಇಲ್ಲ.

ಬಂಡವಾಳದ ಮಾತು ಉಳಿಯಿತು. ಹೊಸ ಗ್ಯಾಸ್ ಬಾಯ್ಲರು ಸುಮಾರು 3,000 ಪೌಂಡಿನಲ್ಲಿ ಆದೀತು. ಹೀಟ್ ಪಂಪಿಗೆ ರೇಡಿಯೇಟರು, ತೊಟ್ಟಿ ಸಹಿತ 12,000 ಪೌಂಡು ದಾಟುವುದುಂಟು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2022ರಲ್ಲಿ 5,000 ಪೌಂಡಿನ ಸಹಾಯಧನದಿಂದ ಆರಂಭವಾದ ಯೋಜನೆಯನ್ನು 2023ರ ಅಕ್ಟೋಬರಿನಲ್ಲಿ 7,500ಕ್ಕೆ ಏರಿಸಲಾಯಿತು. ಅದನ್ನು ಕಳೆದರೆ ಅಂತರ ಬಹಳ ಉಳಿಯುವುದಿಲ್ಲ. ಸಹಾಯಧನದ ಅರ್ಜಿಯನ್ನು ಕೂಡಿಸುವ ಸಂಸ್ಥೆಯವರೇ ಹಾಕುತ್ತಾರೆ.

ಇಷ್ಟನ್ನು ತೂಗಿ ನೋಡಿ ನಮ್ಮ ಚಂದಾದಾರರಿಗೆ ಹೇಳುವುದಿಷ್ಟು. ತಾಯಿಯವರು ಡಿಸೆಂಬರಿನಲ್ಲಿ ಬರುವುದಾದರೆ ನವೆಂಬರಿನಲ್ಲಿ ಅವಸರದಿಂದ ಯಾವ ಯಂತ್ರವನ್ನೂ ಕೊಳ್ಳಬೇಡಿರಿ. ಅವಸರದಲ್ಲಿ ಕೂಡಿಸಿದ ಹೀಟ್ ಪಂಪೇ ಒಂದಕ್ಕೆ ಎರಡೂವರೆ ಕೊಟ್ಟು ಮನೆಯವರ ಬೈಗುಳಕ್ಕೆ ಗುರಿಯಾಗುವುದು. ಹಳೆಯ ಬಾಯ್ಲರನ್ನು ಈ ಚಳಿಗಾಲದ ಮಟ್ಟಿಗೆ ದುರಸ್ತಿ ಮಾಡಿಸಿ, ಕೆಟ್ಟರೆ ಇರಲೆಂದು ತಾಯಿಯವರ ಕೋಣೆಗೆ ವಿದ್ಯುತ್ತಿನ ಹೀಟರೊಂದನ್ನು ತಂದಿಡಿರಿ. ಬಾಯ್ಲರಿನ ನೀರಿನ ಉಷ್ಣತೆಯನ್ನು 50 ಡಿಗ್ರಿಗೆ ಇಳಿಸಿ ಇಡೀ ಜನವರಿ ನಡೆಸಿ ನೋಡಿರಿ. ಬಿಸಿನೀರಿನ ತೊಟ್ಟಿ ಬೇರೆ ಇದ್ದರೆ ಅದನ್ನು ಮಾತ್ರ 60ರಲ್ಲಿಯೇ ಇರಿಸಿರಿ, ಇಳಿಸಿದರೆ ತೊಟ್ಟಿಯಲ್ಲಿ ರೋಗಾಣು ಬೆಳೆಯುವ ಭಯವುಂಟು. ಇಷ್ಟರಲ್ಲಿಯೇ ಮನೆ ಬೆಚ್ಚಗಿದ್ದರೆ ಅದು ಹೀಟ್ ಪಂಪಿಗೆ ಸಿದ್ಧವಾದ ಮನೆ. ಯಾವ ಕೋಣೆ ತಣ್ಣಗುಳಿಯಿತೋ ಅಲ್ಲಿ ದೊಡ್ಡ ರೇಡಿಯೇಟರು ಬೇಕೆಂದು ತಿಳಿಯಿರಿ. ಕಾಸಿನ ಖರ್ಚಿಲ್ಲದ ಪರೀಕ್ಷೆಯಿದು. ವಸಂತದಲ್ಲಿ ಮೂವರು ಕೂಡಿಸುವವರನ್ನು ಕರೆದು, ಪ್ರತಿ ಕೋಣೆಯನ್ನೂ ಅಳೆದು ಶಾಖನಷ್ಟದ ಲೆಕ್ಕ ಬರೆದುಕೊಡುವವನನ್ನೇ ಆರಿಸಿರಿ. ಬಾಗಿಲಲ್ಲಿ ನಿಂತು ಬೆಲೆ ಹೇಳುವವನು ಬೇಡ. ಆ ಮನೆಯಲ್ಲಿ ಇನ್ನೂ ಹತ್ತು ವರ್ಷ ಇರುವವರಾದರೆ ಹೀಟ್ ಪಂಪ್ ಹಾಕಿಸುವುದು ಯುಕ್ತವೆಂದೇ ನಮ್ಮ ಅಭಿಪ್ರಾಯ. 2024ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವೂ ಮುಚ್ಚಿತು. ಅಲ್ಲಿನ ವಿದ್ಯುತ್ತು ವರ್ಷದಿಂದ ವರ್ಷಕ್ಕೆ ಶುದ್ಧವಾಗುತ್ತಿದೆ, ಅನಿಲದ ಹೊಗೆ ಇದ್ದಷ್ಟೇ ಇರುತ್ತದೆ. ಎರಡು-ಮೂರು ವರ್ಷಗಳಲ್ಲಿ ಮನೆ ಮಾರುವ ವಿಚಾರವಿದ್ದರೆ ಮಾತ್ರ ಗ್ಯಾಸ್ ಬಾಯ್ಲರೇ ಸಾಕು.

ನಮ್ಮ ನಾಡಿನಲ್ಲಿ ಮನೆ ಬಿಸಿಮಾಡುವ ಪ್ರಸಂಗವಿಲ್ಲ. ಬಿಸಿಯಾಗಬೇಕಾದದ್ದು ಸ್ನಾನದ ನೀರು. ಬಚ್ಚಲೊಲೆಯ ಹಂಡೆ ಹೋಗಿ ಗೀಸರು ಬಂದಿದೆ. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾರೆವು. ಕಿಟಕಿ ಮುಚ್ಚಿದ ಚಿಕ್ಕ ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರು ಉರಿದರೆ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ನಾನಕ್ಕೆ ಹೋದ ಎಳೆಯರು ಹೊರಬರದೆ ಹೋದ ವಾರ್ತೆಗಳು ನಮ್ಮ ರಾಜ್ಯದಿಂದಲೇ ಮತ್ತೆ ಮತ್ತೆ ಬಂದಿವೆ. ಗ್ಯಾಸ್ ಗೀಸರನ್ನು ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಕಡೆಗೇ ಕೂಡಿಸಿರಿ. ಈಗಾಗಲೇ ಒಳಗಿದ್ದರೆ ಇಂದೇ ಸ್ಥಳ ಬದಲಿಸಿರಿ.

ಒಂದು ಚಿಕ್ಕ ಸಂಸಾರಕ್ಕೆ ನೀರು ಕಾಯಿಸುವ ಹೀಟ್ ಪಂಪ್ ಅಗತ್ಯವಿಲ್ಲ. ತಾರಸಿಯ ಮೇಲಿನ ಸೌರ ಹೀಟರೇ ಉತ್ತಮ. ಆದರೆ ನಮ್ಮ ಪ್ರಸಾದ ನಿಲಯಗಳು, ಕಲ್ಯಾಣ ಮಂಟಪಗಳು ಇದನ್ನು ಯೋಚಿಸಬೇಕು. 100 ವಿದ್ಯಾರ್ಥಿಗಳಿಗೆ ತಲಾ 15 ಲೀಟರಿನಂತೆ 1,500 ಲೀಟರು ನೀರನ್ನು 25 ಡಿಗ್ರಿಯಿಂದ 45ಕ್ಕೆ ಕಾಯಿಸಲು ಸುಮಾರು 35 ಯೂನಿಟ್ ಶಾಖ ಬೇಕು. ಸಾಮಾನ್ಯ ಗೀಸರಿನಿಂದ 35 ಯೂನಿಟ್ ವಿದ್ಯುತ್ತು, ಗ್ಯಾಸಿನಿಂದಾದರೆ 14.2 ಕಿಲೋದ ಸಿಲಿಂಡರು ನಾಲ್ಕೇ ದಿನ. ಸೌದೆಯ ಒಲೆಗೆ ದಿನಕ್ಕೆ 40 ಕಿಲೋಗೂ ಹೆಚ್ಚು ಕಟ್ಟಿಗೆ, ಮೇಲೆ ಹೊಗೆ. ಹೀಟ್ ಪಂಪಿಗೆ ಒಂದಕ್ಕೆ 3ರಂತೆ ಹಿಡಿದರೂ 12 ಯೂನಿಟ್ ಸಾಕು. ನಮ್ಮ ಹವೆ ಇಂಗ್ಲೆಂಡಿನಂತಲ್ಲ, ಇಲ್ಲಿ ಬಾವಿಯ ನೀರು ಅಂಚಿಗೇ ಇದೆ. ಮಧ್ಯಾಹ್ನದ ಬಿಸಿಲ ಹೊತ್ತಿನಲ್ಲಿ ಯಂತ್ರ ನಡೆಸಿ ತೊಟ್ಟಿಯಲ್ಲಿ ಕಾಯ್ದಿಟ್ಟರೆ ಮರುದಿನ ನಸುಕಿನವರೆಗೂ ನೀರು ಬಿಸಿ ಉಳಿಯುತ್ತದೆ. ಮೋಡ ಕವಿದು ಸೌರ ಹೀಟರು ಸೋಲುವ ಶ್ರಾವಣ ಮಾಸದಲ್ಲಿಯೂ ಇದು ದುಡಿಯುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರು ಗಡಸಾದುದರಿಂದ ಕೊಳವೆಗಳೊಳಗೆ ಸುಣ್ಣ ಕಟ್ಟಿ ಯಂತ್ರ ಸೊರಗುವುದುಂಟು. ಕೊಳ್ಳುವಾಗಲೇ ವರ್ಷಕ್ಕೊಮ್ಮೆ ಸುಣ್ಣ ತೆಗೆಯುವ ಕರಾರನ್ನು ಬರೆಯಿಸಿಕೊಳ್ಳಬೇಕು, ದುರಸ್ತಿಯವನು ಹತ್ತಿರದ ಊರಿನಲ್ಲಿಯೇ ಇದ್ದಾನೆಯೇ ಎಂದು ವಿಚಾರಿಸಬೇಕು.